ಎಚ್ಚತ್ತವನು ಯಾರು? ಬುದ್ಧನ ಬೋಧಿಯೂ ನಮ್ಮೊಳಗಿನ ‘ನಾನು’ವೂ

ಕೊಲ್ಲಾಪುರದ ಶಿಲಾಹಾರ ಅರಸ ಗಂಡರಾದಿತ್ಯನ ಶಕವರ್ಷ 1032ರ, ಎಂದರೆ ಕ್ರಿ. ಶ. 1110ರ, ತಾಮ್ರಶಾಸನವೊಂದು ನಮ್ಮ ಸೀಮೆಯ ಜನರೆಲ್ಲ ತಿಳಿದಿರಬೇಕಾದ ಒಂದು ಸಂಗತಿಯನ್ನು ಹೇಳುತ್ತದೆ. ಆ ಅರಸನು ಮಿರಜ ನಾಡಿನ ಇರುಕುಡಿ ಎಂಬಲ್ಲಿ ತನ್ನ ಹೆಸರಿನಿಂದ ‘ಗಂಡಸಮುದ್ರ’ವೆಂಬ ಕೆರೆಯನ್ನು ಕಟ್ಟಿಸಿದನು. ಅದರ ದಂಡೆಯ ಮೇಲೆ ಈಶ್ವರ, ಬುದ್ಧ, ಅರ್ಹಂತ ಈ ಮೂವರನ್ನೂ ಸ್ಥಾಪಿಸಿದನು. ಮೂವರ ಪೂಜೆಗೂ ಬೇರೆಬೇರೆಯಾಗಿ ಭೂಮಿಯನ್ನು ಬಿಟ್ಟುಕೊಟ್ಟನು. ಒಂದೇ ಕೆರೆಯ ನೀರು, ಮೂರು ದೇವಾಲಯ, ಮೂರು ಬಗೆಯ ಭಕ್ತರು.

ಇದನ್ನು ನಾವು ಸರ್ವಧರ್ಮ ಸಮಭಾವದ ಉದಾಹರಣೆಯೆಂದು ಮಕ್ಕಳಿಗೆ ಹೇಳುವುದುಂಟು. ಅದು ಸರಿಯೇ. ಆದರೆ ಸ್ವಲ್ಪ ನಿಂತು ಆಲೋಚಿಸಿದರೆ ಇದರಲ್ಲಿ ಇನ್ನೊಂದು ವಿಶೇಷವೂ ಕಾಣುತ್ತದೆ. ‘ನಾನು ಎಂಬುವವನು ಯಾರು?’ ಎಂಬ ಪ್ರಶ್ನೆಗೆ ಆ ಮೂರು ಗುಡಿಗಳು ಕೊಡುತ್ತಿದ್ದ ಉತ್ತರ ಒಂದೇ ಆಗಿರಲಿಲ್ಲ. ಶಿವಭಕ್ತನು ಜೀವವು ಶಿವನಲ್ಲಿ ಒಂದಾಗುವುದನ್ನು ಬಯಸಿದನು. ಜೈನನು ಪ್ರತಿಯೊಂದು ಜೀವವೂ ಸ್ವತಂತ್ರವಾದ, ನಾಶವಿಲ್ಲದ ವಸ್ತುವೆಂದು ನಂಬಿ, ಅದಕ್ಕಂಟಿದ ಕರ್ಮದ ಧೂಳನ್ನು ತೊಳೆಯಲು ತಪಸ್ಸು ಮಾಡಿದನು. ಬೌದ್ಧನಾದರೋ ಹಾಗೆ ಹಿಡಿದು ತೋರಿಸಬಹುದಾದ ಶಾಶ್ವತವಾದ ‘ನಾನು’ ಎಲ್ಲಿಯೂ ಸಿಕ್ಕುವುದಿಲ್ಲವೆಂದನು. ಇದನ್ನೇ ಅನಾತ್ಮವಾದವೆನ್ನುತ್ತಾರೆ, ಪಾಲಿಯಲ್ಲಿ ‘ಅನತ್ತ’.

ಇಲ್ಲಿಯೇ ಸಾಮಾನ್ಯ ಓದುಗನಿಗೆ ತೊಡಕು ಹುಟ್ಟುತ್ತದೆ. ‘ಬುದ್ಧ’ ಎಂಬ ಮಾತಿನ ಅರ್ಥವೇ ಎಚ್ಚತ್ತವನು ಎಂದು. ಎಚ್ಚರವೆಂದ ಮೇಲೆ ಎಚ್ಚರಗೊಂಡವನೊಬ್ಬನು ಇರಬೇಕಷ್ಟೆ? ‘ನಾನು’ ಎಂಬುದೇ ಇಲ್ಲವಾದರೆ ಎಚ್ಚತ್ತವನು ಯಾರು? ದುಃಖದಿಂದ ಬಿಡುಗಡೆ ಹೊಂದುವವನು ಯಾರು? ಈ ಪ್ರಶ್ನೆ ಪಂಡಿತರ ವಾದಕ್ಕೆ ಮಾತ್ರ ಸೇರಿದುದಲ್ಲ. ನಮ್ಮ ಇಚಲಕರಂಜಿ, ಹಾತಕಣಂಗಲೆ, ಗಡಹಿಂಗ್ಲಜ ಭಾಗದಲ್ಲಿ ಬೌದ್ಧ ಮನೆತನಗಳು ನಮ್ಮ ನೆರೆಹೊರೆಯಲ್ಲಿಯೇ ಬಾಳುತ್ತಿವೆ. ಅವರ ಮಕ್ಕಳು ನಮ್ಮ ಸಾಲೆಗಳಲ್ಲಿಯೇ ಓದುತ್ತಾರೆ. ಅವರ ಹಿರಿಯರು ‘ನಾವೂ ಮನುಷ್ಯರು’ ಎಂದು ಸಾರಿ ಹೇಳಲು ಹೋರಾಡಿದವರು. ಅಂಥವರು ‘ನಾನು’ ಎಂಬುದನ್ನೇ ಪ್ರಶ್ನಿಸುವ ಧರ್ಮವನ್ನು ಆರಿಸಿಕೊಂಡುದೇಕೆ? ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇದನ್ನೇ.

ಐದು ರಾಶಿಗಳು

ಬೋಧಿಯ ನಂತರ ಬುದ್ಧನು ಕಾಶಿಯ ಬಳಿಯ ಸಾರನಾಥದಲ್ಲಿ ತನ್ನ ಹಳೆಯ ಐವರು ಸಂಗಡಿಗರಿಗೆ ಮೊದಲು ನಾಲ್ಕು ಆರ್ಯಸತ್ಯಗಳನ್ನು ಬೋಧಿಸಿದನು. ಎರಡನೆಯ ಉಪದೇಶವೇ ಅನಾತ್ಮವನ್ನು ಕುರಿತದ್ದು. ನಾವು ‘ನಾನು’ ಎಂದು ಕರೆಯುವುದನ್ನು ಅವನು ಐದು ರಾಶಿಗಳಾಗಿ ಬಿಡಿಸಿ ತೋರಿಸಿದನು. ರೂಪವೆಂದರೆ ಶರೀರ. ವೇದನೆಯೆಂದರೆ ಸುಖ, ದುಃಖ ಮತ್ತು ಇವೆರಡೂ ಅಲ್ಲದ ಅನುಭವ. ಸಂಜ್ಞೆಯೆಂದರೆ ವಸ್ತುವನ್ನು ಇಂಥದೆಂದು ಗುರುತಿಸುವುದು. ಸಂಸ್ಕಾರವೆಂದರೆ ಮನಸ್ಸಿನ ಸಂಕಲ್ಪಗಳೂ ರೂಢಿಗಳೂ. ವಿಜ್ಞಾನವೆಂದರೆ ಅರಿವು.

ಆಮೇಲೆ ಅವನು ಮಾಡಿದ ವಿಚಾರ ಬಹು ಸರಳವಾದುದು. ಶರೀರವು ನಿಜವಾಗಿ ‘ನಾನು’ ಆಗಿದ್ದರೆ, ಅದು ನನ್ನ ಮಾತನ್ನು ಕೇಳಬೇಕಾಗಿತ್ತು. ಕಾಯಿಲೆ ಬರಬೇಡವೆಂದರೆ ಬರಬಾರದಾಗಿತ್ತು. ಆದರೆ ಅದು ಕೇಳುವುದಿಲ್ಲ. ಸುಖ ನಿಲ್ಲೆಂದರೆ ನಿಲ್ಲುವುದಿಲ್ಲ. ದುಃಖ ಹೋಗೆಂದರೆ ಹೋಗುವುದಿಲ್ಲ. ಮನಸ್ಸಿನ ಸ್ಥಿತಿಯಂತೂ ಹೊತ್ತಿಗೊಂದು ಬಗೆ. ಅನಿತ್ಯವಾದುದನ್ನು, ನಮ್ಮ ಅಧೀನದಲ್ಲಿಲ್ಲದುದನ್ನು, ‘ಇದು ನನ್ನದು, ಇದೇ ನಾನು’ ಎಂದು ಹಿಡಿದುಕೊಳ್ಳುವುದು ಯುಕ್ತವೇ? ಐವರೂ ಇದನ್ನು ಕೇಳಿ, ಒಳಗೆ ಕಂಡುಕೊಂಡು, ಬಿಡುಗಡೆ ಹೊಂದಿದರೆಂದು ಪಾಲಿ ಗ್ರಂಥಗಳು ಹೇಳುತ್ತವೆ. ಬೋಧಿಗೂ ‘ನಾನು’ ಎಂಬ ಭಾವಕ್ಕೂ ಇರುವ ಸಂಬಂಧ ಇಲ್ಲಿಂದಲೇ ಆರಂಭವಾಗುತ್ತದೆ. ಬಿಡುಗಡೆ ದೊರೆತುದು ಹೊಸದೊಂದು ವಸ್ತುವನ್ನು ಪಡೆದುದರಿಂದಲ್ಲ, ಹಿಡಿದುಕೊಂಡಿದ್ದುದನ್ನು ಕೈಬಿಟ್ಟುದರಿಂದ.

ಇಚಲಕರಂಜಿಯ ಓದುಗರಿಗೆ ಇದನ್ನು ಬಟ್ಟೆಯ ಉದಾಹರಣೆಯಿಂದ ತಿಳಿಸುವುದು ಸುಲಭ. 1904ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲನೆಯ ಯಂತ್ರಮಗ್ಗವನ್ನು ಹೂಡಿದಂದಿನಿಂದ ಈ ಊರು ಮಗ್ಗದ ಸದ್ದಿನಲ್ಲಿಯೇ ಬೆಳೆದಿದೆ. ಹಾಸಿನ ಎಳೆಗಳನ್ನು ಒಂದೊಂದಾಗಿ ತೆಗೆದು ನೋಡಿ. ಯಾವ ಎಳೆಯೂ ಬಟ್ಟೆಯಲ್ಲ. ಹೊಕ್ಕಿನ ಎಳೆಯೂ ಬಟ್ಟೆಯಲ್ಲ. ಲಾಳಿಯಾಗಲಿ, ಗಂಜಿಯಾಗಲಿ, ಬಣ್ಣವಾಗಲಿ ಬಟ್ಟೆಯಲ್ಲ. ಇವೆಲ್ಲವನ್ನೂ ಬಿಟ್ಟು ‘ಬಟ್ಟೆ’ ಎಂಬ ಬೇರೆ ವಸ್ತುವೊಂದು ಎಲ್ಲಿಯೂ ಅಡಗಿ ಕುಳಿತಿಲ್ಲ. ಹಾಗೆಂದು ಬಟ್ಟೆಯೇ ಇಲ್ಲವೆಂದು ಯಾರಾದರೂ ಹೇಳಿಯಾರೇ? ಅದನ್ನು ಉಡುತ್ತೇವೆ, ಮಾರುತ್ತೇವೆ, ಮಗುವಿಗೆ ಹೊದಿಸುತ್ತೇವೆ. ಎಳೆಗಳು ಕೂಡಿದ ಬಗೆಗೆ ವ್ಯವಹಾರದಲ್ಲಿ ನಾವಿಟ್ಟ ಹೆಸರು ಬಟ್ಟೆ. ಗ್ರೀಕ ಅರಸ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದದಲ್ಲಿ ಇದೇ ಮಾತನ್ನು ರಥದ ಉದಾಹರಣೆಯಿಂದ ಹೇಳಿದೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಆದರೂ ಅರಸನು ರಥದಲ್ಲಿ ಕುಳಿತೇ ಬಂದಿದ್ದನು.

ಆದುದರಿಂದ ಬುದ್ಧನು ಅಲ್ಲಗಳೆದುದು ಮನುಷ್ಯನನ್ನಲ್ಲ. ಉಣ್ಣುವ, ದುಡಿಯುವ, ನಗುವ, ಅಳುವ ವ್ಯಕ್ತಿಯನ್ನು ಅವನು ಅಲ್ಲಗಳೆಯಲಿಲ್ಲ. ಆ ವ್ಯಕ್ತಿಯೊಳಗೆ ಎಂದಿಗೂ ಬದಲಾಗದ, ಬೇರೆಲ್ಲದರಿಂದ ಕಡಿದು ನಿಂತ ಒಡೆಯನೊಬ್ಬನಿದ್ದಾನೆಂಬ ನಂಬಿಕೆಯನ್ನು ಮಾತ್ರ ಅಲ್ಲಗಳೆದನು. ಈ ಭೇದವನ್ನು ಮರೆತವರೇ ಬೌದ್ಧಧರ್ಮವನ್ನು ಶೂನ್ಯದ ಧರ್ಮ, ನಿರಾಶೆಯ ಧರ್ಮವೆಂದು ಹಳಿಯುತ್ತಾರೆ.

ಹೊಣೆಯನ್ನು ಹೊರುವವನು ಯಾರು?

ಒಡೆಯನೇ ಇಲ್ಲವೆಂದ ಮೇಲೆ ಮಾಡಿದ ಪಾಪಪುಣ್ಯಗಳಿಗೆ ಹೊಣೆ ಯಾರು ಎಂಬ ಆಕ್ಷೇಪ ಹಳೆಯದು. ಮಿಲಿಂದನೂ ಅದನ್ನೇ ಕೇಳಿದನು. ಅದಕ್ಕೆ ನಾಗಸೇನನು ಮಾವಿನ ಹಣ್ಣಿನ ಕಳ್ಳನ ದೃಷ್ಟಾಂತವನ್ನು ಕೊಟ್ಟನು. ಒಬ್ಬನು ಬೇರೆಯವನ ತೋಟದ ಹಣ್ಣು ಕದ್ದು ಸಿಕ್ಕಿಬಿದ್ದು, ‘ತೋಟದವನು ನೆಟ್ಟದ್ದು ಬೇರೆ ಹಣ್ಣು, ನಾನು ಕದ್ದದ್ದು ಬೇರೆ ಹಣ್ಣು, ನನ್ನದೇನು ತಪ್ಪು?’ ಎಂದು ವಾದಿಸಿದರೆ ನ್ಯಾಯಾಧೀಶನು ಬಿಟ್ಟಾನೆಯೇ? ನೆಟ್ಟ ಬೀಜದಿಂದಲೇ ಈ ಹಣ್ಣು ಬಂದುದಾದ್ದರಿಂದ ಅವನು ಶಿಕ್ಷೆಗೆ ಅರ್ಹನೇ. ವಸ್ತು ಅದೇ ಅಲ್ಲದಿದ್ದರೂ ಕಾರಣದ ಎಳೆ ಕಡಿದಿಲ್ಲ.

ಸಾಲೆಯಲ್ಲಿ ಇದನ್ನು ದಿನವೂ ಕಾಣುವವರು ನಾವು. ಮೊದಲನೆಯ ಇಯತ್ತೆಗೆ ಅಳುತ್ತ ಬಂದ ಮಗುವೂ, ಏಳನೆಯ ಇಯತ್ತೆ ಮುಗಿಸಿ ಹೊರಡುವ ಹುಡುಗನೂ ಒಬ್ಬರೇ ಏನು? ಎತ್ತರ ಬೇರೆ, ಧ್ವನಿ ಬೇರೆ, ತಿಳಿವಳಿಕೆ ಬೇರೆ, ಗೆಳೆಯರೂ ಬೇರೆ. ಹಾಗಾದರೆ ಇಬ್ಬರೇ ಏನು? ಇಬ್ಬರೆಂದರೆ ಮೊದಲನೆಯ ವರ್ಷದಲ್ಲಿ ತಿದ್ದಿದ ಅಕ್ಷರ ಏಳನೆಯ ವರ್ಷದವನಿಗೆ ಹೇಗೆ ದಕ್ಕಿತು? ಅವನೇ ಎನ್ನಲೂ ಬಾರದು, ಬೇರೆಯವನು ಎನ್ನಲೂ ಬಾರದು. ಬೌದ್ಧರ ಉತ್ತರವೂ ಇದೇ. ಒಂದು ದೀಪ ರಾತ್ರಿಯೆಲ್ಲ ಉರಿಯುತ್ತದೆ. ಮೊದಲ ಜಾವದ ಜ್ವಾಲೆ ಕಡೆಯ ಜಾವದ ಜ್ವಾಲೆಯಲ್ಲ. ಆದರೂ ಉರಿದ ದೀಪ ಒಂದೇ.

ಬೋಧಿ ಹೊಂದಿದವನಿಗೂ ಈ ಹೊಣೆ ತಪ್ಪದೆಂಬುದಕ್ಕೆ ಅಂಗುಲಿಮಾಲನ ಕಥೆಯೇ ಸಾಕ್ಷಿ. ಕೊಲೆಗಡುಕನಾಗಿದ್ದ ಅವನು ಭಿಕ್ಷುವಾಗಿ ಅರ್ಹಂತ ಪದವಿಗೇರಿದ ಮೇಲೆಯೂ ಶ್ರಾವಸ್ತಿಯಲ್ಲಿ ಭಿಕ್ಷೆಗೆ ಹೋದಾಗ ಕಲ್ಲು, ಹೆಂಟೆ, ದೊಣ್ಣೆಗಳ ಪೆಟ್ಟು ತಿಂದನು. ಪಾತ್ರೆ ಒಡೆದು, ತಲೆಯಿಂದ ನೆತ್ತರು ಸುರಿಯುತ್ತ ಬಂದವನನ್ನು ಕಂಡು ಬುದ್ಧನು, ಇದು ನಿನ್ನ ಹಿಂದಿನ ಕರ್ಮದ ಫಲ, ಸಹಿಸಿಕೋ ಎಂದನು. ‘ಹಳೆಯ ನಾನು ಸತ್ತುಹೋದೆ, ಹಳೆಯ ಸಾಲ ನನ್ನದಲ್ಲ’ ಎಂದು ಹೇಳಲು ಅವಕಾಶವನ್ನು ಕೊಡಲಿಲ್ಲ. ಅಹಂಕಾರ ಹೋಗುವುದು ಬೇರೆ, ಹೊಣೆಗಾರಿಕೆ ಹೋಗುವುದು ಬೇರೆ. ಮೊದಲನೆಯದು ಬೋಧಿ, ಎರಡನೆಯದು ಬರೀ ನೆವ.

ಬುದ್ಧನ ಮೌನ

ವಚ್ಛಗೋತ್ರನೆಂಬ ಪರಿವ್ರಾಜಕನು ಒಮ್ಮೆ ಬುದ್ಧನನ್ನು ನೇರವಾಗಿ ಕೇಳಿದನು: ಆತ್ಮವಿದೆಯೇ? ಬುದ್ಧನು ಸುಮ್ಮನಿದ್ದನು. ಹಾಗಾದರೆ ಇಲ್ಲವೇ? ಆಗಲೂ ಸುಮ್ಮನಿದ್ದನು. ಅವನು ಎದ್ದುಹೋದ ಮೇಲೆ ಆನಂದನಿಗೆ ಇದರ ಕಾರಣವನ್ನು ವಿವರಿಸಿದನು. ಇದೆಯೆಂದಿದ್ದರೆ ಅವನು ಶಾಶ್ವತವಾದಿಗಳ ಪಕ್ಷವನ್ನು ಹಿಡಿಯುತ್ತಿದ್ದನು. ಇಲ್ಲವೆಂದಿದ್ದರೆ, ಮೊದಲೇ ಗೊಂದಲದಲ್ಲಿದ್ದ ಮನುಷ್ಯನು ‘ಇದ್ದುದನ್ನೂ ಕಳೆದುಕೊಂಡೆ’ ಎಂದು ಇನ್ನಷ್ಟು ದಿಕ್ಕುಗೆಡುತ್ತಿದ್ದನು.

ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಪಾಠವೊಂದು ಇಲ್ಲಿ ನೆನಪಾಗುತ್ತದೆ: ಪ್ರಶ್ನೆಗೆ ಉತ್ತರ ಹೇಳುವ ಮೊದಲು ಪ್ರಶ್ನೆ ಕೇಳಿದವನನ್ನು ನೋಡಬೇಕು. ಸರಿಯಾದ ಉತ್ತರವೂ ಸಿದ್ಧನಿಲ್ಲದ ಕಿವಿಗೆ ತಪ್ಪಾಗಿಯೇ ಕೇಳಿಸುತ್ತದೆ. ಅನಾತ್ಮವೆಂಬುದು ಬಾಯಿಪಾಠ ಮಾಡಿ ಒಪ್ಪಿಸುವ ಸೂತ್ರವಲ್ಲ, ತನ್ನೊಳಗೆ ನೋಡಿಕೊಳ್ಳುವ ವಿಧಾನ.

ಬೌದ್ಧರಲ್ಲಿಯೇ ಎಲ್ಲರೂ ಒಂದೇ ಬಗೆಯಾಗಿ ಇದನ್ನು ತಿಳಿದರೆಂದಲ್ಲ. ಪುದ್ಗಲವಾದಿಗಳೆಂಬವರು, ಐದು ರಾಶಿಗಳೇ ಎನ್ನಲಾಗದ, ಅವುಗಳಿಂದ ಬೇರೆ ಎಂದೂ ಹೇಳಲಾಗದ ‘ವ್ಯಕ್ತಿ’ ಒಂದುಂಟೆಂದು ವಾದಿಸಿದರು. ಬೆಂಕಿಗೂ ಸೌದೆಗೂ ಇರುವ ಸಂಬಂಧವನ್ನು ಅದಕ್ಕೆ ಹೋಲಿಕೆಯಾಗಿ ಕೊಟ್ಟರು. ಉಳಿದ ಪಂಥಗಳು ಅವರನ್ನು ಖಂಡಿಸಿದವು. ಆದರೆ ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಎನ್‌ ತ್ಸಾಂಗನು ಆ ಪಂಥಕ್ಕೆ ಸೇರಿದ ಸಮ್ಮಿತೀಯ ಭಿಕ್ಷುಗಳನ್ನು ಬಹು ದೊಡ್ಡ ಸಂಖ್ಯೆಯಲ್ಲಿ ಕಂಡನು. ವ್ಯಕ್ತಿಯ ಹೊಣೆಯನ್ನೂ ವ್ಯಕ್ತಿಯ ಬಿಡುಗಡೆಯನ್ನೂ ಕೈಬಿಡಬಾರದೆಂಬ ಕಾಳಜಿ ಬೌದ್ಧ ಸಂಘದೊಳಗೇ ಎಷ್ಟು ಬಲವಾಗಿತ್ತೆಂಬುದಕ್ಕೆ ಇದು ಗುರುತು.

ಒಗೆದ ಬಟ್ಟೆಯ ವಾಸನೆ

ಸಿದ್ಧಾಂತವನ್ನು ತಿಳಿದ ಮಾತ್ರಕ್ಕೆ ‘ನಾನು’ ಎಂಬುದು ಹೋಗುವುದೇ? ಇದಕ್ಕೆ ಖೇಮಕನೆಂಬ ಭಿಕ್ಷುವಿನ ಪ್ರಸಂಗಕ್ಕಿಂತ ಒಳ್ಳೆಯ ಉತ್ತರ ನಮಗೆ ತಿಳಿದಂತೆ ಬೇರೆ ಇಲ್ಲ. ಕೌಶಾಂಬಿಯ ಬಳಿ ಅವನು ಕಾಯಿಲೆ ಬಿದ್ದಿದ್ದನು. ಅವನ ಅನುಭವವೇನೆಂದು ತಿಳಿಯಲು ಹಿರಿಯ ಭಿಕ್ಷುಗಳು ಒಬ್ಬನ ಕೈಯಲ್ಲಿ ಪ್ರಶ್ನೆಗಳನ್ನು ಹೇಳಿಕಳಿಸಿದರು. ಕಳಿಸಿದವನು ಅಲ್ಲಿಂದಿಲ್ಲಿಗೆ ಎಷ್ಟೋ ಸಲ ತಿರುಗಿದ ಮೇಲೆ, ಖೇಮಕನೇ ಕೋಲೂರಿಕೊಂಡು ನಡೆದುಬಂದನು. ಐದು ರಾಶಿಗಳಲ್ಲಿ ಯಾವುದನ್ನೂ ನಾನು ‘ನಾನು’ ಎಂದು ತಿಳಿದಿಲ್ಲ. ಆದರೂ ‘ಇದ್ದೇನೆ’ ಎಂಬ ಒಂದು ಭಾವ ಇನ್ನೂ ಉಳಿದಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದನು.

ಅದಕ್ಕೆ ಅವನು ಕೊಟ್ಟ ಹೋಲಿಕೆ ಮಗ್ಗದ ಊರಿನವರಿಗೆ ತಟ್ಟನೆ ತಿಳಿಯುವಂಥದು. ಕೊಳೆಯಾದ ಬಟ್ಟೆಯನ್ನು ಮಡಿವಾಳನು ಸವಳು ಮಣ್ಣು, ಕ್ಷಾರ, ಸಗಣಿ ಹಾಕಿ ತಿಕ್ಕಿ, ತಿಳಿನೀರಿನಲ್ಲಿ ಜಾಲಿಸುತ್ತಾನೆ. ಕೊಳೆ ಹೋಗುತ್ತದೆ, ಆದರೆ ಕ್ಷಾರದ ವಾಸನೆ ಬಟ್ಟೆಯಲ್ಲಿ ಉಳಿಯುತ್ತದೆ. ಒಡೆಯನು ಅದನ್ನು ಪರಿಮಳದ ಪೆಟ್ಟಿಗೆಯಲ್ಲಿಟ್ಟರೆ ದಿನ ಕಳೆದಂತೆ ಆ ವಾಸನೆಯೂ ಅಡಗುತ್ತದೆ. ‘ನಾನು’ ಎಂಬ ಭಾವವೂ ಹಾಗೆಯೇ: ವಿಚಾರದಿಂದ ಕೊಳೆ ಹೋದರೂ ವಾಸನೆ ಹೋಗಲು ದೀರ್ಘಕಾಲದ ಅಭ್ಯಾಸ ಬೇಕು. ಇದನ್ನು ಹೇಳುತ್ತಿದ್ದಂತೆಯೇ ಖೇಮಕನೂ, ಕೇಳುತ್ತಿದ್ದ ಸುಮಾರು ಅರವತ್ತು ಮಂದಿ ಭಿಕ್ಷುಗಳೂ ಬಿಡುಗಡೆ ಹೊಂದಿದರಂತೆ.

ಇಲ್ಲಿ ಗಮನಿಸತಕ್ಕದ್ದು, ತೊಳೆಯಲು ಬಳಸಿದ ಕ್ಷಾರವೇ ವಾಸನೆಯಾಗಿ ಉಳಿಯುತ್ತದೆ ಎಂಬುದು. ‘ನಾನು ಅಹಂಕಾರ ಬಿಟ್ಟವನು’ ಎಂಬ ಅಹಂಕಾರ, ‘ನಾನು ಧ್ಯಾನಿ’ ಎಂಬ ಹೆಮ್ಮೆ, ಇವೇ ಆ ವಾಸನೆ. ನಮ್ಮ ಶರಣರೂ ‘ನಾನು’ ಎಂಬುದನ್ನು ಇಂಥ ಸೂಕ್ಷ್ಮವಾದ ಅಡಗುದಾಣಗಳಿಂದಲೇ ಹೊರಗೆಳೆದರು. ಅವರ ಗುರಿ ಬೇರೆ, ದಾರಿ ಬೇರೆ. ಆದರೆ ಕಳ್ಳನ ಗುರುತು ಇಬ್ಬರಿಗೂ ಸಿಕ್ಕಿತ್ತು.

ಎಚ್ಚತ್ತವರಿಗೂ ಹೆಸರುಂಟು

ಬೋಧಿಯಿಂದ ವ್ಯಕ್ತಿತ್ವವು ಅಳಿಸಿಹೋಗುವುದಾಗಿದ್ದರೆ ಎಚ್ಚತ್ತವರೆಲ್ಲ ಒಂದೇ ಅಚ್ಚಿನವರಾಗಬೇಕಾಗಿತ್ತು. ಆದರೆ ಭಿಕ್ಷು ಭಿಕ್ಷುಣಿಯರ ಪದ್ಯಗಳ ಸಂಗ್ರಹಗಳಾದ ಥೇರಗಾಥಾ, ಥೇರೀಗಾಥಾಗಳನ್ನು ತೆರೆದರೆ ಪ್ರತಿಯೊಂದು ಧ್ವನಿಯೂ ಬೇರೆ. ಥೇರೀಗಾಥೆಯಲ್ಲಿ 73 ಭಾಗಗಳಿದ್ದು, ಅವು ಬಹುಮಟ್ಟಿಗೆ ಹೆಸರುಳ್ಳ ಸ್ತ್ರೀಯರ ಮಾತುಗಳು. ಮುತ್ತಾ ಎಂಬವಳು ಒರಳು, ಒನಕೆ ಮತ್ತು ಗೂನುಬೆನ್ನಿನ ಗಂಡ, ಈ ಮೂರು ವಕ್ರಗಳಿಂದ ಪಾರಾದೆನೆಂದು ನಗುತ್ತಾಳೆ. ನೀರು ಹೊರುವ ದಾಸಿಯಾಗಿದ್ದ ಪುಣ್ಣಿಕೆಯು, ಚಳಿಯಲ್ಲಿ ನಡುಗುತ್ತ ಪಾಪ ಕಳೆಯಲು ಹೊಳೆಯಲ್ಲಿ ಮುಳುಗುವ ಬ್ರಾಹ್ಮಣನನ್ನು, ಹಾಗಾದರೆ ಮೀನು ಕಪ್ಪೆಗಳೆಲ್ಲ ಸ್ವರ್ಗಕ್ಕೆ ಹೋಗಬೇಕಲ್ಲ ಎಂದು ಕೇಳುತ್ತಾಳೆ. ಮಗುವನ್ನು ಕಳೆದುಕೊಂಡ ಕಿಸಾಗೋತಮಿಯ ಧ್ವನಿಯಲ್ಲಿ ಆ ನಗೆಯಿಲ್ಲ. ಅಲ್ಲಿರುವುದು ತಾಯಿಯ ನೋವು ದಾಟಿಬಂದ ಶಾಂತಿ.

ಥೇರಗಾಥೆಯಲ್ಲಿ ಸುನೀತನುಂಟು. ಬಾಡಿದ ಹೂಗಳ ಕಸ ತೆಗೆಯುತ್ತಿದ್ದ, ಕುಲಹೀನನೆನಿಸಿಕೊಂಡ ಮನುಷ್ಯ. ಬುದ್ಧನು ಅವನನ್ನು ‘ಬಾ’ ಎಂದು ಕರೆದು ಭಿಕ್ಷುವನ್ನಾಗಿ ಮಾಡಿಕೊಂಡನು. ಶಾಕ್ಯ ರಾಜಕುಮಾರರ ಕ್ಷೌರಿಕನಾಗಿದ್ದ ಉಪಾಲಿಯು ಅವರಿಗಿಂತ ಮೊದಲೇ ದೀಕ್ಷೆ ಪಡೆದನು. ತಮ್ಮ ಕುಲದ ಹೆಮ್ಮೆ ಮುರಿಯಲೆಂದು ಆ ರಾಜಕುಮಾರರೇ ಹೀಗೆ ಬೇಡಿಕೊಂಡರಂತೆ. ಬುದ್ಧನ ನಂತರ ಕೂಡಿದ ಮೊದಲ ಸಂಗೀತಿಯಲ್ಲಿ ಸಂಘದ ನಿಯಮಗಳನ್ನೆಲ್ಲ ಒಪ್ಪಿಸಿದವನೂ ಈ ಉಪಾಲಿಯೇ.

ನಮ್ಮ ಕನ್ನಡ ನಾಡಿನಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಕಲಬುರ್ಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಮಹಾಸ್ತೂಪವೊಂದು ಬೆಳಕಿಗೆ ಬಂತು. ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ ದೊರೆತುದು ಅಲ್ಲಿಯೇ. ಅರಸರ ಜೊತೆಗೆ ಸಾಮಾನ್ಯ ದಾನಿಗಳ ಹೆಸರುಗಳೂ ಅಲ್ಲಿಯ ಕಲ್ಲುಗಳ ಮೇಲಿವೆ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯ ವಿಹಾರವನ್ನೂ ಹೇಳುತ್ತದೆ. ಅನಾತ್ಮವನ್ನು ನಂಬಿದ ಜನ ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಹೆಸರು ವ್ಯವಹಾರಕ್ಕೆ ಬೇಕು, ಕೊಡುವ ಕೈಗೆ ಗುರುತು ಬೇಕು. ಬೇಡವಾದುದು ಹೆಸರಿಗೆ ಗಂಟುಬಿದ್ದ ಅಹಂಕಾರ.

ಮಾಣಗಾಂವದಿಂದ ನಾಗಪುರಕ್ಕೆ

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. 1920ರ ಮಾರ್ಚ್ 21 ಮತ್ತು 22ರಂದು ಇಚಲಕರಂಜಿಗೆ ಹತ್ತಿರದ ಮಾಣಗಾಂವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಊರಿನ ಜೈನ ಪಾಟೀಲರು ಅದಕ್ಕೆ ಒತ್ತಾಸೆಯಾಗಿ ನಿಂತರು. ಅಧ್ಯಕ್ಷತೆಯನ್ನು ವಹಿಸಿದವರು ಆಗಿನ್ನೂ 28 ವರ್ಷದವರಾಗಿದ್ದ ಭೀಮರಾವ್ ಅಂಬೇಡಕರರು. ಆ ಪರಿಷತ್ತಿಗೆ ಕೊಲ್ಲಾಪುರದ ಶಾಹೂ ಮಹಾರಾಜರು ಸ್ವತಃ ಬಂದು, ನಿಮಗೆ ನಿಮ್ಮವನೇ ಆದ ನಾಯಕನು ದೊರೆತಿದ್ದಾನೆಂದು ಜನರಿಗೆ ಹೇಳಿದರು. ಶಾಹೂ ಮಹಾರಾಜರು 1902ರಲ್ಲಿಯೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50ರಷ್ಟು ಜಾಗಗಳನ್ನು ಮೀಸಲಿಟ್ಟವರು. ಗಂಗಾರಾಮ ಕಾಂಬಳೆಯವರು ಕೊಲ್ಲಾಪುರದಲ್ಲಿ ಇಟ್ಟ ಚಹದಂಗಡಿಗೆ ಮೇಲ್ಜಾತಿಯವರು ಬಾರದಿದ್ದಾಗ, ಅಲ್ಲಿ ನಿಂತು ಚಹ ಕುಡಿದು ದಾರಿ ತೋರಿದವರು. ಐದು ವರ್ಷಗಳ ನಂತರ, 1925ರಲ್ಲಿ, ನಮ್ಮ ನಿಪ್ಪಾಣಿಯಲ್ಲಿಯೂ ಅಂಬೇಡಕರರ ನೇತೃತ್ವದಲ್ಲಿ ಅಂಥ ಪರಿಷತ್ತು ಸೇರಿತು.

ಆ ಜನ ಬೇಡಿದುದು ಏನನ್ನು? ಮನುಷ್ಯನೆಂಬ ಮಾನ್ಯತೆಯನ್ನು. ಕೆರೆಯ ನೀರು, ಸಾಲೆಯ ಮಣೆ, ನಡೆಯುವ ದಾರಿ, ಕರೆಯುವಾಗ ಒಂದು ಗೌರವದ ಹೆಸರು. ಎಂದರೆ ಅವರಿಗೆ ಬೇಕಾಗಿದ್ದುದು ತಲೆಯೆತ್ತಿ ಹೇಳಬಲ್ಲ ಒಂದು ‘ನಾನು’. 1935ರಲ್ಲಿ ಯೇವಲೆಯಲ್ಲಿ ಧರ್ಮಾಂತರದ ಘೋಷಣೆ ಮಾಡಿದ ಅಂಬೇಡಕರರು, ಎರಡು ದಶಕಗಳ ವಿಚಾರದ ನಂತರ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. 2011ರ ಜನಗಣತಿಯ ಪ್ರಕಾರ ಭಾರತದ ಸುಮಾರು 84 ಲಕ್ಷ ಬೌದ್ಧರಲ್ಲಿ 65 ಲಕ್ಷ ಮಂದಿ ಮಹಾರಾಷ್ಟ್ರದವರೇ.

ತಮಗೆ ‘ನಾನು’ ಎನ್ನುವ ಅಧಿಕಾರವನ್ನೇ ಸಮಾಜವು ಕೊಡದಿದ್ದಾಗ, ‘ನಾನು’ ಎಂಬುದು ಭ್ರಮೆಯೆಂಬ ಧರ್ಮ ಅವರಿಗೆ ಏನನ್ನು ಕೊಟ್ಟೀತು? ಹೊಟ್ಟೆ ತುಂಬಿದವನು ಉಪವಾಸದ ಮಹಿಮೆಯನ್ನು ಹಸಿದವನಿಗೆ ಹೇಳಿದಂತಾಗಲಿಲ್ಲವೇ? ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಅಂಬೇಡಕರರೂ ಇದರ ಬದಿಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವರ ಮರಣಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದ ಆರಂಭದಲ್ಲಿಯೇ, ಆತ್ಮವಿಲ್ಲವೆಂದ ಮೇಲೆ ಕರ್ಮ, ಪುನರ್ಜನ್ಮಗಳು ಹೇಗೆ ಎಂಬ ತೊಡಕನ್ನು ಅವರು ಎತ್ತಿಕೊಂಡಿದ್ದಾರೆ. ಹಿಂದಿನ ಜನ್ಮದ ಕರ್ಮದಿಂದಲೇ ಈ ಜಾತಿ ಬಂದಿತೆಂಬ ಮಾತಿನಿಂದ ನೊಂದವರಿಗೆ ಅದು ಬರೀ ತರ್ಕದ ತೊಡಕಾಗಿರಲಿಲ್ಲ.

ನಮಗೆ ತೋರುವ ಉತ್ತರ ಹೀಗಿದೆ. ಜಾತಿ ಎಂಬುದು ಏನು? ಹುಟ್ಟಿನೊಡನೆಯೇ ಮನುಷ್ಯನೊಳಗೆ ಬದಲಾಗದ ಒಂದು ಗುಣ, ಒಂದು ತಿರುಳು, ಬಂದು ಕೂಡುತ್ತದೆಂಬ ನಂಬಿಕೆ. ಮೇಲಿನವನು ಏನು ಮಾಡಿದರೂ ಮೇಲೆಯೇ, ಕೆಳಗಿನವನು ಏನು ಮಾಡಿದರೂ ಕೆಳಗೆಯೇ. ಇದೂ ಒಂದು ಬಗೆಯ ಶಾಶ್ವತ ‘ನಾನು’ವೇ, ಆದರೆ ಬೇರೆಯವರು ನಮ್ಮ ಮೇಲೆ ಹೊರಿಸಿದ ‘ನಾನು’. ಅನಾತ್ಮವಾದದ ಕೊಡಲಿ ಬೀಳುವುದು ನೇರವಾಗಿ ಈ ಬೇರಿನ ಮೇಲೆ. ವಾಸೆಟ್ಠ ಸುತ್ತದಲ್ಲಿ ಬುದ್ಧನು ಹುಲ್ಲು, ಮರ, ಹುಳು, ಹಕ್ಕಿ, ಮೀನುಗಳಲ್ಲಿ ಜಾತಿಯ ಗುರುತುಗಳು ಒಡಲಲ್ಲಿಯೇ ಇವೆ, ಮನುಷ್ಯರಲ್ಲಿ ಅಂಥ ಗುರುತಿಲ್ಲ ಎನ್ನುತ್ತಾನೆ. ಹೊಲ ಉಳುವವನು ರೈತ, ಸರಕು ಮಾರುವವನು ವ್ಯಾಪಾರಿ. ಹೆಸರು ಬಂದುದು ಕೆಲಸದಿಂದ. ರಥಕ್ಕೆ ಹೇಳಿದ ಮಾತು ಇಲ್ಲಿಯೂ ಸಲ್ಲುತ್ತದೆ. ಹೆಸರು ವ್ಯವಹಾರದ್ದು, ಅದರ ಹಿಂದೆ ಕದಲದ ವಸ್ತುವಿಲ್ಲ. ತನ್ನನ್ನು ಹೊಲೆಯನೆಂದು ಜರೆದ ಬ್ರಾಹ್ಮಣನಿಗೂ ಬುದ್ಧನು ಕೊಟ್ಟ ಉತ್ತರದ ಸಾರ ಇದೇ: ಹೊಲೆತನ ಹುಟ್ಟಿನಲ್ಲಿಲ್ಲ, ನಡತೆಯಲ್ಲಿದೆ.

ಆದುದರಿಂದ ಸ್ವಾಭಿಮಾನಕ್ಕೂ ಅನಾತ್ಮಕ್ಕೂ ವಿರೋಧವಿಲ್ಲ. ವಿರೋಧವಿರುವುದು ದುರಭಿಮಾನಕ್ಕೂ ಅನಾತ್ಮಕ್ಕೂ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವುದೂ, ಸೆಟೆದ ಕೊರಳನ್ನು ಬಾಗಿಸುವುದೂ ಒಂದೇ ಔಷಧದ ಎರಡು ಗುಣಗಳು. ‘ನೀನು ಹುಟ್ಟಿನಿಂದ ಕೀಳು’ ಎಂಬ ಸುಳ್ಳನ್ನು ಬಿಟ್ಟವನು ಎದ್ದು ನಿಲ್ಲುತ್ತಾನೆ. ‘ನಾನು ಹುಟ್ಟಿನಿಂದ ಮೇಲು’ ಎಂಬ ಸುಳ್ಳನ್ನು ಬಿಟ್ಟವನು ಕೆಳಗಿಳಿದು ಅವನ ಬದಿಗೆ ನಿಲ್ಲುತ್ತಾನೆ. ಬುದ್ಧನು ತನ್ನ ಕಡೆಯ ದಿನಗಳಲ್ಲಿ ಭಿಕ್ಷುಗಳಿಗೆ ಹೇಳಿದುದೂ, ಬೇರೆಯವರ ಆಸರೆಗೆ ಕಾಯದೆ ನಿಮಗೆ ನೀವೇ ಆಸರೆಯಾಗಿರಿ ಎಂದೇ. ಶಾಶ್ವತ ಆತ್ಮವನ್ನು ಒಪ್ಪದವನೇ ತನ್ನ ಕಾಲಮೇಲೆ ತಾನು ನಿಲ್ಲೆಂದು ಹೇಳಿದುದರಲ್ಲಿ ವಿರೋಧಾಭಾಸ ಕಾಣಬಹುದು, ವಿರೋಧವಿಲ್ಲ. ಬದಲಾಗದ ವಸ್ತುವಾಗಿದ್ದರೆ ಮನುಷ್ಯನು ಪ್ರಯತ್ನಪಟ್ಟು ಪ್ರಯೋಜನವೇನಿತ್ತು?

ಒಂದು ಎಚ್ಚರಿಕೆಯ ಮಾತು ಮಾತ್ರ ಅವಶ್ಯ. ಅನಾತ್ಮವನ್ನು ಬೇರೆಯವರಿಗೆ ಬೋಧಿಸುವ ಮೊದಲು ನಮಗೆ ನಾವೇ ಬೋಧಿಸಿಕೊಳ್ಳಬೇಕು. ಕೂಲಿ ಕೇಳಲು ಬಂದವನಿಗೆ ‘ನನ್ನದು ಎನ್ನಬೇಡ’ ಎಂದು ಉಪದೇಶಿಸುವವನು ಬುದ್ಧನ ಮಾತನ್ನು ತನ್ನ ಲಾಭಕ್ಕೆ ಬಳಸಿದವನು. ಮನೆಯಲ್ಲಿಯೂ ಅಷ್ಟೆ. ಹೆಂಗಸರಿಗೆ ಮಾತ್ರ ತ್ಯಾಗವನ್ನು ಹೇಳಿ ಗಂಡಸರು ತಮ್ಮ ‘ನಾನು’ವನ್ನು ಕೊಬ್ಬಿಸಿಕೊಂಡರೆ ಅದು ಧರ್ಮವಾಗದು.

ನಮ್ಮ ಪಾಲಿನ ಅಭ್ಯಾಸ

ಇದೆಲ್ಲ ಸಂಸಾರಿಗಳಾದ ನಮಗೆ ಹೇಗೆ ಒದಗೀತೆಂದು ಕೇಳಬಹುದು. ಹಾತಕಣಂಗಲೆ ತಾಲೂಕಿನ ಆಳತೆಯಲ್ಲಿ, ರಾಮಲಿಂಗ ಗುಡ್ಡದ ದಾರಿಯಲ್ಲಿ, ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ವಿಪಶ್ಯನಾ ಕೇಂದ್ರವಿದೆ. ಹತ್ತು ದಿನ ಮೌನವಾಗಿದ್ದು ಮೊದಲು ಉಸಿರನ್ನೂ, ಆಮೇಲೆ ಶರೀರದಲ್ಲಿ ಹುಟ್ಟಿ ಅಳಿಯುವ ಸಂವೇದನೆಗಳನ್ನೂ ಸುಮ್ಮನೆ ನೋಡುವ ಅಭ್ಯಾಸವನ್ನು ಅಲ್ಲಿ ಕಲಿಸುತ್ತಾರೆ. ಎಲ್ಲ ಧರ್ಮದವರೂ ಅಲ್ಲಿಗೆ ಹೋಗುತ್ತಾರೆ. ಮಂಡಿಯ ನೋವು ಬಂದಾಗ ‘ನನ್ನ ನೋವು’ ಎನ್ನದೆ ‘ನೋವು ಇದೆ’ ಎಂದು ನೋಡುವುದೇ ಸಾರನಾಥದ ಎರಡನೆಯ ಉಪದೇಶದ ಮೊದಲ ಪಾಠ. ಅಲ್ಲಿಗೆ ಹೋಗಲು ಬಿಡುವಿಲ್ಲದವರು ಮನೆಯಲ್ಲಿ ಸಿಟ್ಟು ಬಂದಾಗ ಅದನ್ನು ಪ್ರಯೋಗಿಸಿ ನೋಡಬಹುದು. ‘ನಾನು ಸಿಟ್ಟಿನವನು’ ಎಂದುಕೊಂಡರೆ ಸಿಟ್ಟಿಗೆ ಮನೆ ಕಟ್ಟಿಕೊಟ್ಟಂತೆ. ‘ಸಿಟ್ಟು ಬಂದಿದೆ’ ಎಂದುಕೊಂಡರೆ ಬಂದದ್ದು ಹೋಗಲು ಬಾಗಿಲು ತೆರೆದಂತೆ.

ಮುಖ್ಯಾಧ್ಯಾಪಕರಾದ ನಾವು ವರ್ಷವರ್ಷವೂ ಜೂನ್ ತಿಂಗಳಲ್ಲಿ ಸಾಲೆಯ ದಾಖಲೆ ಪುಸ್ತಕವನ್ನು ತೆರೆದು ಮಕ್ಕಳ ಹೆಸರು ಬರೆಯುತ್ತೇವೆ. ಹೆಸರಿನ ಮುಂದೆ ಧರ್ಮ, ಜಾತಿ ಎಂಬ ಅಂಕಣಗಳಿವೆ. ಬೌದ್ಧಧರ್ಮ ಸ್ವೀಕರಿಸಿದ ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ಕಾನೂನಿನ ಸೌಲಭ್ಯ ದೊರೆತುದು 1990ರಲ್ಲಿ. ಆ ಸೌಲಭ್ಯ ನ್ಯಾಯವಾದುದು, ಅದಕ್ಕೆ ದಾಖಲೆಯೂ ಬೇಕು. ಜಾತಿಯನ್ನು ಬಿಟ್ಟುಬಂದವರ ಮಗುವಿಗೂ ಅಂಕಣದಲ್ಲಿ ಜಾತಿಯನ್ನು ಬರೆಯಬೇಕಾಗುತ್ತದೆ. ಹಳೆಯ ಗಾಯ ಮಾಯುವವರೆಗೆ ಪಟ್ಟಿ ಕಟ್ಟಬೇಕು. ಆದರೆ ಪಟ್ಟಿಯೇ ಮೈಯೆಂದು ಯಾರೂ ತಿಳಿಯಬಾರದು. ಅಂಕಣದಲ್ಲಿ ಬರೆದದ್ದು ಅಂಕಣದಲ್ಲಿಯೇ ಉಳಿಯಬೇಕು, ವರ್ಗದ ಕೋಣೆಗೆ ಬರಬಾರದು.

ಇನ್ನೊಂದು ಅಂಕಣವನ್ನು ನಾವು ಶಿಕ್ಷಕರೂ ತಾಯಿತಂದೆಗಳೂ ಬಾಯಿಂದಲೇ ತುಂಬುತ್ತೇವೆ. ‘ಇವನು ದಡ್ಡ’, ‘ಇವಳು ಹಟಮಾರಿ’, ‘ಇವರ ಮನೆತನವೇ ಇಂಥದು.’ ಹೀಗೆಂದ ಕೂಡಲೆ ಬದಲಾಗುತ್ತಿರುವ ಮಗುವಿನ ಮೇಲೆ ಬದಲಾಗದ ‘ನಾನು’ ಒಂದನ್ನು ಹೊರಿಸುತ್ತೇವೆ. ಮಗು ಅದನ್ನೇ ನಿಜವೆಂದು ನಂಬಿ ಹೊತ್ತುಕೊಂಡು ಬೆಳೆಯುತ್ತದೆ. ‘ಇಂದು ಈ ಲೆಕ್ಕ ಬರಲಿಲ್ಲ’ ಎಂದರೆ ನಾಳೆ ಬರಲು ದಾರಿಯುಂಟು. ‘ನಿನಗೆ ಲೆಕ್ಕ ಬರುವುದೇ ಇಲ್ಲ’ ಎಂದರೆ ದಾರಿ ಮುಚ್ಚಿತು. ಎಚ್ಚರವೆಂಬುದು ಬೋಧಿವೃಕ್ಷದ ಕೆಳಗೆ ಮಾತ್ರ ಆಗತಕ್ಕದ್ದಲ್ಲ. ನಮ್ಮ ಬಾಯಿಂದ ಹೊರಡಲಿರುವ ಅಂಥ ಒಂದು ಮಾತನ್ನು ತುಟಿಯ ಬಳಿಯೇ ತಡೆದು ಹಿಂದಕ್ಕೆ ತೆಗೆದುಕೊಂಡರೆ, ಅಷ್ಟರ ಮಟ್ಟಿಗೆ ನಾವೂ ಎಚ್ಚತ್ತವರೇ.